ಫೈಲ್ ತೆರೆಯಲು ಕರ್ನಲ್‌ಗೊಂದು ಹೊಸ ಬಾಗಿಲು: ಎಕ್ಸ್‌ವಿ6ನಲ್ಲಿ ಕಟ್ಟಿ ಕಲಿಯುವ ಸಮಗ್ರ ಮಾರ್ಗದರ್ಶಿ

“ಸರ್, ಓದಾಕಂತ ಅಷ್ಟ ತೆರದೇನ್ರಿ. ಫೈಲ ಖಾಲಿ ಆಗೇತಿ!”

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಸಂಜೆಯ ಲ್ಯಾಬ್ ಮುಗಿಸಿ ಚಾ ಕುಡಿಯಲು ಹೊರಟಿದ್ದೆ. ಇಳಕಲ್ಲಿನ ಹುಡುಗನೊಬ್ಬ ಬಾಗಿಲಲ್ಲೇ ಹಿಡಿದ. ಎಕ್ಸ್‌ವಿ6 ಎಂಬ ಪಾಠದ ಕರ್ನಲ್ ಮೇಲೆ ಅವನೊಂದು ಸಣ್ಣ ಪ್ರೋಗ್ರಾಂ ಬರೆದಿದ್ದ. ಬರೆಯುವ ಸಾಲನ್ನು ಎಲ್ಲಿಂದಲೋ ಎತ್ತಿ, ಓ_ಡಬ್ಲ್ಯುಆರ್‌ಓನ್ಲಿ (ಬರೆಯಲು ಮಾತ್ರ) ಇದ್ದ ಕಡೆ ಓ_ಆರ್‌ಡಿಓನ್ಲಿ (ಓದಲು ಮಾತ್ರ) ಎಂದು ತಿದ್ದಿ, ಪಕ್ಕದಲ್ಲಿದ್ದ ಓ_ಟ್ರಂಕ್ (ತೆರೆಯುವಾಗಲೇ ಫೈಲ್ ಬರಿದು ಮಾಡು) ಅನ್ನು ಹಾಗೇ ಬಿಟ್ಟಿದ್ದ. “ನಿಂದೇ ತಪ್ಪು” ಅಂದುಬಿಟ್ಟೆ. ಕರ್ನಲ್ ಕೋಡ್ ತೆರೆದು ನೋಡಿದ ಮೇಲೆ ಆ ಮಾತು ವಾಪಸ್ ತಗೊಳ್ಳಬೇಕಾಯಿತು. ಅಲ್ಲಿ ಟ್ರಂಕ್ ಬಿಟ್ ಇದೆಯೇ, ಇದು ಸಾಮಾನ್ಯ ಫೈಲೇ ಎಂದು ಕೇಳುತ್ತಾರೆ. ಬರೆಯುವ ಹಕ್ಕು ಇದೆಯೇ ಎಂದು ಯಾರೂ ಕೇಳುವುದಿಲ್ಲ. ಓದಲು ಮಾತ್ರ ತೆರೆದು ಜೊತೆಗೆ ಟ್ರಂಕ್ ಕೊಟ್ಟರೆ ಏನಾಗಬೇಕು ಎಂಬುದನ್ನು ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗಿರುವ ಪೋಸಿಕ್ಸ್ ಮಾನದಂಡವೇ ನಿರ್ಧರಿಸದೆ ಬಿಟ್ಟಿದೆ. ಅಂದಮೇಲೆ ಹುಡುಗನದು ತಪ್ಪಲ್ಲ, ಬಾಗಿಲಿನದು, ಅಂದರೆ ಫೈಲ್ ತೆರೆಯುವ ಓಪನ್ ಎಂಬ ಸಿಸ್ಟಮ್ ಕಾಲ್‌ನದು.

ಮುಂದಿನ ನಾಲ್ಕಾರು ಸಂಜೆ ಕೂತು ಆ ಬಾಗಿಲಿನ ಪಕ್ಕದಲ್ಲೇ ಇನ್ನೊಂದನ್ನು ಕಟ್ಟಿದೆವು. ಕಟ್ಟಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಿ ಭಾಷೆ ಬರುತ್ತದೆ, ಆಪರೇಟಿಂಗ್ ಸಿಸ್ಟಮ್ ಪಾಠವನ್ನು ಒಮ್ಮೆ ಓದಿದ್ದೀರಿ ಎಂದುಕೊಂಡಿದ್ದೇನೆ.

ಸಿದ್ಧತೆ

ಎಕ್ಸ್‌ವಿ6 ಎಂದರೆ ಎಂಐಟಿಯಲ್ಲಿ ಪಾಠಕ್ಕೆಂದು 2006ರಲ್ಲಿ ಶುರುವಾದ ಪುಟ್ಟ ಕರ್ನಲ್. 1975ರ ಯುನಿಕ್ಸ್ ಆರನೇ ಆವೃತ್ತಿಯನ್ನು ಇಂದಿನ ಯಂತ್ರಕ್ಕೆ ಹೊಂದುವಂತೆ ಮತ್ತೆ ಬರೆದದ್ದು. ರಿಸ್ಕ್-ಫೈವ್ ಆವೃತ್ತಿಯನ್ನು ಇಳಿಸಿಕೊಳ್ಳಿ. ಉಬುಂಟುವಿನಲ್ಲಿ ರಿಸ್ಕ್-ಫೈವ್‌ನ ಜಿಸಿಸಿ ಕಂಪೈಲರ್ ಮತ್ತು ಆ ಯಂತ್ರವನ್ನು ಅನುಕರಿಸುವ ಕ್ಯೂಇಎಂಯು ಹಾಕಿಕೊಳ್ಳಿ. ಮೇಕ್ ಕ್ಯೂಇಎಂಯು ಎಂದು ಕೊಟ್ಟರೆ ಶೆಲ್ ಬರುತ್ತದೆ. ಹೊರಬರಲು ಕಂಟ್ರೋಲ್ ಒತ್ತಿ ಎ, ಬಿಟ್ಟು ಎಕ್ಸ್. ನಮ್ಮ ಹುಡುಗರಲ್ಲಿ ಅರ್ಧ ಜನ ಇದು ಗೊತ್ತಿಲ್ಲದೆ ಟರ್ಮಿನಲ್ಲನ್ನೇ ಮುಚ್ಚುತ್ತಿದ್ದರು.

ಏನನ್ನೂ ಮುಟ್ಟುವ ಮೊದಲು ಎಕ್ಸ್‌ವಿ6ನ ಜೊತೆಗೇ ಬರುವ ಪರೀಕ್ಷಾ ಪ್ರೋಗ್ರಾಂ ಯೂಸರ್‌ಟೆಸ್ಟ್ಸ್ ಒಮ್ಮೆ ಓಡಿಸಿ, ಎಲ್ಲ ಪಾಸಾಗುತ್ತಿದೆ ಎಂದು ನೋಡಿಕೊಳ್ಳಿ. ಮುಂದೆ ಏನಾದರೂ ಮುರಿದರೆ, ಮುರಿದದ್ದು ನೀವೋ ಮೊದಲೇ ಮುರಿದಿತ್ತೋ ಎಂಬ ವಾದ ಬೇಡ.

ಹಂತ 1: ಹಳೆಯ ಬಾಗಿಲನ್ನು ಸರಿಯಾಗಿ ಓದಿ

ಕರ್ನಲ್ ಫೋಲ್ಡರಿನ ಸಿಸ್‌ಫೈಲ್.ಸಿ ತೆರೆದು ಸಿಸ್_ಓಪನ್ ಹುಡುಕಿ. ಒಂದು ಪರದೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಪೆನ್ಸಿಲ್ ಹಿಡಿದು ಓದಿದರೆ ಐದು ಜಾಗದಲ್ಲಿ ಗುರುತು ಬೀಳಬೇಕು.

ಮೊದಲನೆಯದು ಹಕ್ಕಿನ ಸಂಖ್ಯೆಗಳು. ಓದಲು 0, ಬರೆಯಲು 1, ಎರಡಕ್ಕೂ 2. ಇವು ಬಿಟ್‌ಗಳ ವೇಷ ಹಾಕಿದ ಎಣಿಕೆ. ಓದು ಎಂದರೆ ಸೊನ್ನೆ ಆದ್ದರಿಂದ “ಓದುವ ಬಿಟ್ ಇದೆಯೇ” ಎಂದು ಕೇಳಲು ಬರುವುದೇ ಇಲ್ಲ. 3 ಕೊಟ್ಟರೆ? ಎಕ್ಸ್‌ವಿ6ನಲ್ಲಿ ಅದು ಬರೆಯಲು ಮಾತ್ರ ಎಂದಾಗುತ್ತದೆ. ಲಿನಕ್ಸ್‌ನಲ್ಲಿ 3ಕ್ಕೆ ವಿಚಿತ್ರ ಅರ್ಥವಿದೆ: ಓದುವ, ಬರೆಯುವ ಎರಡೂ ಅನುಮತಿಯನ್ನು ಪರೀಕ್ಷಿಸಿ, ಓದಲೂ ಬರೆಯಲೂ ಬಾರದ ಡಿಸ್ಕ್ರಿಪ್ಟರನ್ನು (ತೆರೆದ ಫೈಲಿನ ಗುರುತಿನ ಸಂಖ್ಯೆ) ಕೈಗೆ ಕೊಡುತ್ತದೆ. ಕೆಲವು ಡ್ರೈವರ್‌ಗಳು ಐಆಕ್ಟಲ್‌ಗಾಗಿ, ಅಂದರೆ ಸಾಧನಕ್ಕೆ ನೇರ ಆದೇಶ ಕೊಡುವ ಕರೆಗಾಗಿ, ಅದನ್ನು ಬಳಸಿಕೊಂಡವು. ಈ ಗೋಜಲು ಬಿಡಿಸಲು ಲಿನಕ್ಸ್ ಒಳಗೆ ಒಂದು ಚತುರ ಲೆಕ್ಕ ಹಾಕುತ್ತದೆ: ಬಂದ ಸಂಖ್ಯೆಗೆ 1 ಕೂಡಿಸಿ ಕೊನೆಯ ಎರಡು ಬಿಟ್ ಉಳಿಸಿಕೊಳ್ಳುವುದು. 0 ಹೋಗಿ 1, 1 ಹೋಗಿ 2, 2 ಹೋಗಿ 3, 3 ಹೋಗಿ 0. ಈಗ 1 ಎಂದರೆ ಓದು, 2 ಎಂದರೆ ಬರಹ. ನಿಜವಾದ ಬಿಟ್‌ಗಳು. ಲೆಕ್ಕ ಚೆಂದವಿದೆ, ಆದರೆ ಒಳಗೆ ಇಷ್ಟು ಜಾಣತನ ಬೇಕಾಗುತ್ತದೆ ಎಂದರೆ ಹೊರಗಿನ ಬಾಗಿಲು ವಕ್ರ ಎಂದೇ ಅರ್ಥ.

ಎರಡನೆಯದು, ಅರ್ಥವಾಗದ ಬಿಟ್‌ಗಳನ್ನು ನುಂಗುವುದು. ಕ್ರಿಯೇಟ್‌ಗೆ 512, ಟ್ರಂಕ್‌ಗೆ 1024. ನೀವು 4096 ಕೊಟ್ಟು ನೋಡಿ. ಕರ್ನಲ್ ತಲೆಕೆಡಿಸಿಕೊಳ್ಳದೆ ಫೈಲ್ ತೆರೆದುಕೊಡುತ್ತದೆ. ಎಲ್ಲದಕ್ಕೂ “ಹೂಂರಿ, ಹೂಂರಿ” ಎನ್ನುವ ಗುಮಾಸ್ತನಂತೆ: ಅರ್ಜಿಯಲ್ಲಿ ಏನು ಬರೆದಿದೆ ಎಂದು ಓದಿರುವುದಿಲ್ಲ, ಆದರೆ ಠಸ್ಸೆ ಬಿದ್ದಿರುತ್ತದೆ. ಇದು ಎಕ್ಸ್‌ವಿ6 ಒಂದರದೇ ರೋಗವಲ್ಲ. ಲಿನಕ್ಸ್‌ನ ಓಪನ್ ಕೂಡ ಹಿಂದಿನಿಂದ ಹೀಗೇ ಇದೆ. ಅದರ ಬೆಲೆ 2013ರಲ್ಲಿ ಕಂಡಿತು. ಲಿನಕ್ಸ್ 3.11ಕ್ಕೆ ಓ_ಟಿಎಂಪಿಫೈಲ್ ಎಂಬ ಹೊಸ ಫ್ಲ್ಯಾಗ್ ಸೇರಿಸಬೇಕಿತ್ತು. ಹೆಸರಿಲ್ಲದ ತಾತ್ಕಾಲಿಕ ಫೈಲ್ ಮಾಡಲು. ಒಂದೇ ಹೊಸ ಬಿಟ್ ಕೊಟ್ಟಿದ್ದರೆ ಹಳೆಯ ಕರ್ನಲ್‌ಗಳು ಅದನ್ನು ನುಂಗಿ, ಕೊಟ್ಟ ಪಾಥ್ ಅನ್ನು ಮಾಮೂಲಿಯಾಗಿ ತೆರೆಯಲು ಹೋಗುತ್ತಿದ್ದವು. ಅದಕ್ಕೇ ಹೊಸ ಬಿಟ್ಟಿನ ಜೊತೆಗೆ ಓ_ಡೈರೆಕ್ಟರಿ (ಡೈರೆಕ್ಟರಿಯಾದರೆ ಮಾತ್ರ ತೆರೆ) ಬಿಟ್ಟನ್ನೂ ಬೆಸೆದರು, ಬರೆಯುವ ಹಕ್ಕನ್ನು ಕಡ್ಡಾಯ ಮಾಡಿದರು. ಹಳೆಯ ಕರ್ನಲ್ ಇದನ್ನು “ಡೈರೆಕ್ಟರಿಯನ್ನು ಬರೆಯಲು ತೆರೆ” ಎಂದು ಓದಿಕೊಂಡು ತಾನಾಗಿಯೇ ಎಡವಿ ಬೀಳುತ್ತದೆ. ಇಂಥ ಒಗಟನ್ನು ಪ್ರತಿ ಹೊಸ ಫ್ಲ್ಯಾಗಿಗೂ ಹೊಸೆಯುತ್ತ ಕೂರಲು ಆಗುವುದಿಲ್ಲ.

ಮೂರನೆಯದು ನಮ್ಮ ಹುಡುಗ ಬಿದ್ದ ಗುಂಡಿ, ಹಕ್ಕಿಲ್ಲದ ಟ್ರಂಕ್.

ನಾಲ್ಕನೆಯದು ಕೆಲಸದ ಕ್ರಮ, ಇದು ಸುಲಭಕ್ಕೆ ಕಾಣುವುದಿಲ್ಲ. ಸಿಸ್_ಓಪನ್ ಮೊದಲು ಡಿಸ್ಕಿನಲ್ಲಿ ಫೈಲ್ ಸೃಷ್ಟಿಸುತ್ತದೆ, ಆಮೇಲೆ ಡಿಸ್ಕ್ರಿಪ್ಟರ್ ಹುಡುಕುತ್ತದೆ. ಒಂದು ಪ್ರೊಸೆಸ್‌ಗೆ ಇರುವುದು 16 ಜಾಗ. ಹದಿನಾರೂ ತುಂಬಿದ್ದಾಗ ಕ್ರಿಯೇಟ್ ಕೊಟ್ಟರೆ ನಿಮಗೆ -1 ಬರುತ್ತದೆ. ಆದರೆ ಡಿಸ್ಕಿನ ಮೇಲೆ ಖಾಲಿ ಫೈಲ್ ಆಗಲೇ ಹುಟ್ಟಿಬಿಟ್ಟಿರುತ್ತದೆ. ಆಗಲಿಲ್ಲ ಎಂದು ಹೇಳಿ, ಮಾಡಿಯೂ ಮುಗಿಸಿದಂತೆ. ಇದನ್ನು ಮಕ್ಕಳ ಕರ್ನಲ್ ಎಂದು ನಗಬೇಡಿ. ಲಿನಕ್ಸ್ 5.7ರಿಂದ ಮುಂದೆ ಕೆಲವು ವರ್ಷ ಓ_ಡೈರೆಕ್ಟರಿ ಮತ್ತು ಓ_ಕ್ರಿಯಾಟ್ (ಅಲ್ಲಿನ ಕ್ರಿಯೇಟ್) ಎರಡನ್ನೂ ಕೂಡಿಸಿ, ಇಲ್ಲದ ಹೆಸರು ಕೊಟ್ಟರೆ “ಇದು ಡೈರೆಕ್ಟರಿ ಅಲ್ಲ” ಎಂಬ ತಪ್ಪು ಮರಳುತ್ತಿತ್ತು, ಹಿಂದೆ ಒಂದು ಸಾಮಾನ್ಯ ಫೈಲ್ ಕೂಡ ಉಳಿಯುತ್ತಿತ್ತು. 6.4ರಲ್ಲಿ ಆ ಜೋಡಿಯನ್ನೇ ಅಸಿಂಧು ಎಂದು ಬಾಗಿಲಲ್ಲೇ ತಿರಸ್ಕರಿಸಲು ಶುರುಮಾಡಿದರು.

ಐದನೆಯದು: ಏನೇ ಆದರೂ -1. ಹೆಸರಿಲ್ಲವೋ, ಜಾಗವಿಲ್ಲವೋ, ಕೇಳಿದ್ದೇ ಅಸಂಬದ್ಧವೋ, ತಿಳಿಯುವ ದಾರಿಯಿಲ್ಲ.

ಹಂತ 2: ಒಂದು ಚೀಟಿಯ ಮೂರು ಪ್ರಶ್ನೆ ಬಿಡಿಸಿ

ಹಳೆಯ ಓಪನ್ ಒಂದೇ ಪೂರ್ಣಾಂಕದಲ್ಲಿ ಸಂಬಂಧವಿಲ್ಲದ ಪ್ರಶ್ನೆಗಳನ್ನು ತುರುಕುತ್ತದೆ. ಸಿಕ್ಕ ಫೈಲ್ ಮೇಲೆ ನನಗೇನು ಹಕ್ಕು? ಫೈಲ್ ಇದ್ದರೆ ಏನು ಮಾಡಬೇಕು, ಇಲ್ಲದಿದ್ದರೆ ಏನು? ಅದನ್ನು ಹುಡುಕುತ್ತ ಎಲ್ಲೆಲ್ಲಿ ಓಡಾಡಬಹುದು? ಮೂರನೆಯದಕ್ಕಂತೂ ಹಳೆಯ ಬಾಗಿಲಲ್ಲಿ ಜಾಗವೇ ಇಲ್ಲ.

ಲಿನಕ್ಸ್ 2020ರಲ್ಲಿ, 5.6ನೇ ಆವೃತ್ತಿಯಲ್ಲಿ, ಓಪನ್‌ಎಟ್2 ತಂದಿತು. ಬರೆದವರು ಅಲೆಕ್ಸಾ ಸರಾಯ್. ಅದು ಫ್ಲ್ಯಾಗ್, ಮೋಡ್, ರಿಸಾಲ್ವ್ ಎಂಬ ಮೂರು ಅಂಕಣಗಳ, 24 ಬೈಟ್‌ಗಳ ಸ್ಟ್ರಕ್ಟ್ ಒಂದನ್ನು, ಅದರ ಅಳತೆಯ ಜೊತೆಗೆ ತೆಗೆದುಕೊಳ್ಳುತ್ತದೆ. ಗೊತ್ತಿಲ್ಲದ ಬಿಟ್ ಬಂದರೆ ತಿರಸ್ಕರಿಸುತ್ತದೆ. ಕ್ರಿಯೇಟ್ ಇಲ್ಲದೆ ಮೋಡ್ ಕೊಟ್ಟರೂ ತಿರಸ್ಕರಿಸುತ್ತದೆ. ಆದರೆ ಹಳೆಯ ಫ್ಲ್ಯಾಗ್ ಸಂಖ್ಯೆಗಳನ್ನು ಹಾಗೇ ಉಳಿಸಿಕೊಂಡಿದೆ. ಕೋಟಿಗಟ್ಟಲೆ ಪ್ರೋಗ್ರಾಂಗಳ ಭಾರ ಹೊತ್ತವರಿಗೆ ಬೇರೆ ದಾರಿಯಿರಲಿಲ್ಲ. ನಮ್ಮ ಎಕ್ಸ್‌ವಿ6ಗೆ ಆ ಭಾರವಿಲ್ಲ, ಒಂದು ಹೆಜ್ಜೆ ಮುಂದೆ ಹೋಗೋಣ. ನಮ್ಮ ಚೀಟಿಗೆ, ಅಂದರೆ ನಮ್ಮ ಸ್ಟ್ರಕ್ಟ್‌ಗೆ, ನಾಲ್ಕು ಅಂಕಣ:

ಹಕ್ಕು: 1 ಓದು, 2 ಬರೆ. ಎರಡೂ ಬೇಕೆಂದರೆ 3. ಸೊನ್ನೆ ಅಸಿಂಧು.
ಇಲ್ಲದಿದ್ದರೆ: 0 ತಪ್ಪು ಮರಳಿಸು, 1 ಸೃಷ್ಟಿಸು.
ಇದ್ದರೆ: 0 ಇದ್ದಹಾಗೆ ತೆರೆ, 1 ಬರಿದು ಮಾಡಿ ತೆರೆ, 2 ತಪ್ಪು ಮರಳಿಸು.
ದಾರಿ: 1 (ಗಡಿ ಬಿಟ್) ಹಾಕಿದರೆ ಕೊಟ್ಟ ಡೈರೆಕ್ಟರಿಯ ಆಚೆ ಹೋಗಬೇಡ.

ಪ್ರತಿಯೊಂದೂ 64 ಬಿಟ್‌ಗಳ, ಚಿಹ್ನೆಯಿಲ್ಲದ ಸಂಖ್ಯೆ. ಒಟ್ಟು 32 ಬೈಟ್. ಎಲ್ಲವೂ ಒಂದೇ ಅಳತೆಯಾದ್ದರಿಂದ ನಡುವೆ ಕಂಪೈಲರ್ ತುಂಬುವ ಪೊಳ್ಳು ಜಾಗವಿಲ್ಲ. ಪೊಳ್ಳು ಜಾಗ ಬಿಟ್ಟರೆ ಅದರಲ್ಲಿ ಕಸ ಕೂರುತ್ತದೆ, ಮುಂದೆ ಆ ಜಾಗವನ್ನು ಬಳಸಲು ಬರುವುದಿಲ್ಲ.

“ಇದ್ದರೆ” ಎಂಬುದನ್ನು ಬಿಟ್ ಮಾಡದೆ ಎಣಿಕೆ ಮಾಡಿದ್ದೇಕೆ ಎಂದು ಹುಡುಗರು ಕೇಳಿದರು. ಒಂದು ಫೈಲನ್ನು ಬರಿದು ಮಾಡುವುದೂ ಅದು ಇದ್ದರೆ ಬೇಡವೆನ್ನುವುದೂ ಒಟ್ಟಿಗೆ ಆಗುವ ಕೆಲಸಗಳಲ್ಲ. ಎರಡು ಬಿಟ್ ಕೊಟ್ಟರೆ ಎರಡನ್ನೂ ಹಾಕುವವನು ಒಬ್ಬ ಸಿಕ್ಕೇ ಸಿಗುತ್ತಾನೆ. ಎಣಿಕೆಯಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಪೋಸಿಕ್ಸ್‌ನಲ್ಲಿ ಕ್ರಿಯಾಟ್ ಇಲ್ಲದೆ ಓ_ಎಕ್ಸ್‌ಸಿಎಲ್ (ಆಗಲೇ ಇದ್ದರೆ ತಪ್ಪು ಮರಳಿಸು) ಕೊಟ್ಟರೆ ಏನಾಗಬೇಕೆಂದು ಹೇಳಿಲ್ಲ. ಇಲ್ಲಿ ಅದು “ಇದ್ದರೂ ತಪ್ಪು, ಇಲ್ಲದಿದ್ದರೂ ತಪ್ಪು” ಎಂದು ಬರಿಗಣ್ಣಿಗೇ ಕಾಣುತ್ತದೆ, ತಿರಸ್ಕರಿಸುವುದು ಒಂದು ಸಾಲಿನ ಕೆಲಸ.

ಕರೆಯ ರೂಪ ಹೀಗೆ: ಡೈರೆಕ್ಟರಿಯ ಡಿಸ್ಕ್ರಿಪ್ಟರ್, ಪಾಥ್, ಚೀಟಿಯ ವಿಳಾಸ, ಚೀಟಿಯ ಅಳತೆ. ನಾಲ್ಕೂ ರಿಜಿಸ್ಟರ್‌ಗಳಲ್ಲೇ ಹಿಡಿಯುತ್ತವೆ. ಡೈರೆಕ್ಟರಿ ಬೇಡ, ಈಗಿರುವ ಜಾಗದಿಂದಲೇ ಹೊರಡು ಎನ್ನಲು ಲಿನಕ್ಸ್‌ನಂತೆ -100 ಇಟ್ಟುಕೊಂಡೆವು.

ಹಂತ 3: ಚೀಟಿಯನ್ನು ಒಳಗೆ ತರುವುದು

ಅಳತೆಯನ್ನು ಕೇಳಿ ಪಡೆಯುವುದರಲ್ಲೇ ಈ ವಿನ್ಯಾಸದ ಆಯುಷ್ಯವಿದೆ. ನಿಯಮಗಳು ಹೀಗೆ. ಅಳತೆ 32ಕ್ಕಿಂತ ಕಡಿಮೆಯಿದ್ದರೆ ಅಸಿಂಧು. ಒಂದು ಪುಟಕ್ಕಿಂತ, ಅಂದರೆ 4096ಕ್ಕಿಂತ ಹೆಚ್ಚಿದ್ದರೆ “ತೀರ ದೊಡ್ಡದು”. ಕರ್ನಲ್‌ಗೆ ಗೊತ್ತಿರುವುದಕ್ಕಿಂತ ದೊಡ್ಡದಿದ್ದರೆ, ಹೆಚ್ಚುವರಿ ಬೈಟುಗಳೆಲ್ಲ ಸೊನ್ನೆಯೇ ಎಂದು ನೋಡಿ. ಸೊನ್ನೆಯಾದರೆ ಪ್ರೋಗ್ರಾಂ ಹೊಸದು, ಆದರೆ ಹೊಸ ಸೌಲಭ್ಯ ಕೇಳಿಲ್ಲ, ಮುಂದುವರಿಯಿರಿ. ಸೊನ್ನೆಯಲ್ಲದ ಒಂದೇ ಬೈಟ್ ಸಿಕ್ಕರೂ ನಿಮಗೆ ಗೊತ್ತಿಲ್ಲದ್ದನ್ನು ಕೇಳುತ್ತಿದ್ದಾರೆ. “ತೀರ ದೊಡ್ಡದು” ಎಂದು ಮರಳಿಸಿ. ಮುಂದೊಂದು ದಿನ ಕರ್ನಲ್ ಬೆಳೆದು ಪ್ರೋಗ್ರಾಂ ಹಳೆಯದಾದರೆ, ಬಾರದ ಭಾಗಕ್ಕೆ ಕರ್ನಲ್ ಸೊನ್ನೆ ತುಂಬಿಕೊಳ್ಳುತ್ತದೆ. ಹಾಗಾಗಿ ಮುಂದೆ ಸೇರಿಸುವ ಯಾವ ಅಂಕಣದಲ್ಲೂ ಸೊನ್ನೆ ಎಂದರೆ “ಮೊದಲಿನಂತೆಯೇ” ಎಂದಿರಬೇಕು. ಈ ಒಂದು ಕಟ್ಟಳೆ ಮುರಿದರೆ ಮೇಲಿನದೆಲ್ಲ ವ್ಯರ್ಥ.

ಪ್ರೋಗ್ರಾಂನ ಮೆಮೊರಿಯಿಂದ ನಕಲು ತರುವ ಕಾಪಿಇನ್ ಬಳಸಿ ಚೀಟಿಯನ್ನು ಒಮ್ಮೆ ಮಾತ್ರ ಕರ್ನಲ್ ಒಳಗೆ ತನ್ನಿ. ಪರೀಕ್ಷೆಗೆ ಒಮ್ಮೆ, ಬಳಕೆಗೆ ಇನ್ನೊಮ್ಮೆ ಎಂದು ಎರಡು ಸಲ ಓದಿದರೆ ನಡುವೆ ಇನ್ನೊಂದು ಥ್ರೆಡ್ ಚೀಟಿ ತಿದ್ದಬಹುದು. ಎಕ್ಸ್‌ವಿ6ನಲ್ಲಿ ಥ್ರೆಡ್‌ಗಳಿಲ್ಲ, ಆದರೂ ಚಟ ಈಗಲೇ ಬೆಳೆಯಲಿ.

ನಾವು ಇಲ್ಲಿ ಒಂದು ಸಂಜೆ ಕಳೆದುಕೊಂಡೆವು. ಬಾಲದ ಸೊನ್ನೆಗಳನ್ನು ನೋಡಲು ಒಬ್ಬಳು 4096 ಬೈಟ್‌ಗಳ ಅರೇಯನ್ನು ಫಂಕ್ಷನ್ ಒಳಗೇ ಇಟ್ಟಳು. ಎಕ್ಸ್‌ವಿ6ನ ಕರ್ನಲ್ ಸ್ಟ್ಯಾಕ್ ಇರುವುದೇ ಒಂದು ಪುಟ. ಕೆಳಗೆ ಕಾವಲು ಪುಟ. ಕರೆದ ಕೂಡಲೇ ಪ್ಯಾನಿಕ್, ಕರ್ನಲ್ಲೇ ನಿಂತುಹೋಯಿತು. 32 ಬೈಟ್‌ಗಳ ಸಣ್ಣ ಬಫರ್ ಇಟ್ಟು ತುಂಡು ತುಂಡಾಗಿ ತಂದು ನೋಡಿ.

ಹಂತ 4: ಬಾಗಿಲಲ್ಲೇ ನಿಲ್ಲಿಸುವ ಪರೀಕ್ಷೆ

ಇದನ್ನು ಬೇರೆಯೇ ಫಂಕ್ಷನ್ ಮಾಡಿ. ಡಿಸ್ಕ್ ಮುಟ್ಟಬಾರದು, ಲಾಕ್ ಹಿಡಿಯಬಾರದು. ಚೀಟಿ ನೋಡಿ ಸರಿ ಅಥವಾ ಅಸಿಂಧು ಎನ್ನಬೇಕು, ಅಷ್ಟೇ. ಹಕ್ಕಿನಲ್ಲಿ 1 ಮತ್ತು 2 ಬಿಟ್ಟು ಬೇರೆ ಬಿಟ್, ಅಸಿಂಧು. ಹಕ್ಕು ಸೊನ್ನೆ, ಅಸಿಂಧು. ಎಣಿಕೆಗಳು ಮಿತಿ ಮೀರಿದರೆ, ದಾರಿಯಲ್ಲಿ ಗೊತ್ತಿಲ್ಲದ ಬಿಟ್ ಇದ್ದರೆ, ಅಸಿಂಧು. ಬರಿದು ಮಾಡು ಎಂದಿದ್ದು ಬರೆಯುವ ಹಕ್ಕು ಕೇಳದಿದ್ದರೆ, ಅಸಿಂಧು. ಇಳಕಲ್ಲಿನ ಹುಡುಗನ ಕೈಯಲ್ಲೇ ಈ ಸಾಲು ಬರೆಸಿದೆ. ಇದ್ದರೂ ಇಲ್ಲದಿದ್ದರೂ ತಪ್ಪು ಎಂದರೆ, ಅದೂ ಅಸಿಂಧು.

ತಪ್ಪಿನ ಸಂಖ್ಯೆಗಳನ್ನು ಹೊಸದಾಗಿ ಕಟ್ಟಬೇಡಿ. ಲಿನಕ್ಸ್‌ನವನ್ನೇ ತಗೊಳ್ಳಿ, ಮುಂದೆ ಹುಡುಗರಿಗೆ ಅನುಕೂಲ. ಹೆಸರಿಲ್ಲ 2, ತೀರ ದೊಡ್ಡದು 7, ಡಿಸ್ಕ್ರಿಪ್ಟರ್ ಕೆಟ್ಟದು 9, ಆಗಲೇ ಇದೆ 17, ಗಡಿ ದಾಟಿತು 18, ಡೈರೆಕ್ಟರಿ ಅಲ್ಲ 20, ಡೈರೆಕ್ಟರಿ 21, ಅಸಿಂಧು 22, ವ್ಯವಸ್ಥೆಯ ಫೈಲ್ ಪಟ್ಟಿ ತುಂಬಿದೆ 23, ಪ್ರೊಸೆಸ್‌ನ ಪಟ್ಟಿ ತುಂಬಿದೆ 24. ಎಲ್ಲವನ್ನೂ ಋಣ ಚಿಹ್ನೆಯೊಂದಿಗೆ ನೇರ ಮರಳಿಸಿ.

ಹಂತ 5: ದಾರಿ ನಡೆಯುವುದು

ನಮ್ಮ ಕಡೆ ವಿಳಾಸ ಹೇಳುವುದು ಎರಡು ಬಗೆ. ನವನಗರದ ಇಂಥ ಸೆಕ್ಟರ್, ಇಂಥ ನಂಬರ್ ಎನ್ನುವುದು ಒಂದು. “ಇಲ್ಲಿಂದ ಮೂರನೇ ಮನಿ” ಎನ್ನುವುದು ಇನ್ನೊಂದು. ಆಲಮಟ್ಟಿ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ಎಷ್ಟೋ ಮನೆತನಗಳು ನವನಗರಕ್ಕೆ ಬಂದವು. ಹಳೆಯ ಓಣಿಯ ವಿಳಾಸ ಹಿಡಿದು ಬಂದ ಪತ್ರಗಳು ಅಲೆದವು, ಜನ ಮಾತ್ರ ಅವರೇ. ಪಾಥ್ ಎಂದರೆ ವಿಳಾಸ. ಐನೋಡ್, ಅಂದರೆ ಕರ್ನಲ್ ಇಟ್ಟುಕೊಳ್ಳುವ ಫೈಲಿನ ದಾಖಲೆ, ಮನೆತನ. ಡೈರೆಕ್ಟರಿಯನ್ನು ಒಮ್ಮೆ ತೆರೆದು ಡಿಸ್ಕ್ರಿಪ್ಟರ್ ಹಿಡಿದುಕೊಂಡರೆ ನೀವು ಮನೆತನವನ್ನೇ ಹಿಡಿದಿರುತ್ತೀರಿ, ಹೆಸರು ಏನಾದರೂ ಆಗಲಿ. ಲಿನಕ್ಸ್ 2.6.16ರಲ್ಲಿ, 2006ರಲ್ಲಿ, ಡೈರೆಕ್ಟರಿಯ ಡಿಸ್ಕ್ರಿಪ್ಟರನ್ನೂ ತೆಗೆದುಕೊಳ್ಳುವ ಓಪನ್‌ಎಟ್ ಬಂದದ್ದು ಇದೇ ಅನುಕೂಲಕ್ಕೆ.

ಎಫ್‌ಎಸ್.ಸಿಯಲ್ಲಿ ನೇಮೆಕ್ಸ್ ಎಂಬ ಫಂಕ್ಷನ್ ಇದೆ. ಪಾಥ್ ಓರೆಗೆರೆಯಿಂದ (/) ಶುರುವಾದರೆ ಬೇರು ಡೈರೆಕ್ಟರಿಯಿಂದ, ಇಲ್ಲವಾದರೆ ಪ್ರೊಸೆಸ್ ನಿಂತ ಡೈರೆಕ್ಟರಿಯಿಂದ ಹೊರಡುತ್ತದೆ. ಅದನ್ನು ನೇಮೆಕ್ಸ್‌ಎಟ್ ಎಂದು ಮಾಡಿ, ಹೊರಡುವ ಐನೋಡ್, ಗಡಿ ಬಿಟ್, ತಪ್ಪಿನ ಸಂಖ್ಯೆ ಬರೆಯಲು ಒಂದು ಪಾಯಿಂಟರ್, ಈ ಮೂರನ್ನು ಸೇರಿಸಿ. ಹಳೆಯ ನೇಮೈ ಮತ್ತು ನೇಮೈಪೇರೆಂಟ್ ಇದನ್ನೇ ಕರೆಯಲಿ. ಡಿಸ್ಕ್ರಿಪ್ಟರಿನಿಂದ ಬಂದ ಐನೋಡ್ ಡೈರೆಕ್ಟರಿಯೇ ಎಂದು ಐಲಾಕ್ ಹಿಡಿದು ನೋಡಿ, ಬಿಡಿ. ಲಾಕ್ ಹಿಡಿಯದೆ ಟೈಪ್ ಓದಿದರೆ ಡಿಸ್ಕಿನಿಂದ ಅದು ಇನ್ನೂ ಬಂದಿರದೆ ಇರಬಹುದು. ಹೊರಡುವ ಮುನ್ನ ಐಡಪ್ (ಐನೋಡ್ ಹಿಡಿದವರ ಎಣಿಕೆ ಏರಿಸುವುದು) ಮಾಡುವುದು ಮರೆಯಬೇಡಿ: ನೇಮೆಕ್ಸ್‌ಎಟ್ ನಡೆಯುತ್ತ ನಡೆಯುತ್ತ ಹಿಂದಿನದನ್ನು ಐಪುಟ್ (ಎಣಿಕೆ ಇಳಿಸುವುದು) ಮಾಡುತ್ತ ಹೋಗುತ್ತದೆ, ನಿಮ್ಮ ಡಿಸ್ಕ್ರಿಪ್ಟರಿನ ಎಣಿಕೆಯನ್ನೇ ಕಳೆದುಬಿಡುತ್ತದೆ.

ಇನ್ನು ಗಡಿ. ಸರ್ವರ್ ಒಂದು ಯಾರೋ ಕೊಟ್ಟ ಹೆಸರನ್ನು ತನ್ನ ಫೋಲ್ಡರಿನಲ್ಲಿ ತೆರೆಯಬೇಕು. ಹೆಸರಿನಲ್ಲಿ ಎರಡು ಚುಕ್ಕೆಗಳ ಸರಪಳಿ ಹಾಕಿ ಮೇಲೆ ಹತ್ತಿ ಹೋಗುವುದು ಹಳೆಯ ಕಳ್ಳದಾರಿ. ಎಕ್ಸ್‌ವಿ6ನಲ್ಲಿ ಇದನ್ನು ತಡೆಯಲು ಒಂದು ಎಣಿಕೆ ಸಾಕು. ಆಳ ಸೊನ್ನೆಯಿಂದ ಶುರು. ಒಂದು ಚುಕ್ಕೆ ಬಂದರೆ ಹಾಗೇ, ಎರಡು ಚುಕ್ಕೆ ಬಂದರೆ ಒಂದು ಕಡಿಮೆ, ಬೇರೆ ಹೆಸರು ಬಂದರೆ ಒಂದು ಹೆಚ್ಚು. ಸೊನ್ನೆಗಿಂತ ಕೆಳಗಿಳಿದರೆ -18. ಓರೆಗೆರೆಯಿಂದ ಶುರುವಾದರೂ -18. ಎಣಿಕೆಯನ್ನು, ಪಾಥ್‌ನ ಮುಂದಿನ ಹೆಸರನ್ನು ಬೇರ್ಪಡಿಸುವ ಸ್ಕಿಪ್‌ಎಲೆಮ್ ಆದ ಕೂಡಲೇ ಮಾಡಿ. ಏಕೆಂದರೆ ತಾಯಿ ಡೈರೆಕ್ಟರಿಯನ್ನು ಹುಡುಕುವಾಗ ನೇಮೆಕ್ಸ್ ಕೊನೆಯ ಹೆಸರಿಗೆ ಒಂದು ಹೆಜ್ಜೆ ಮುಂಚೆ ನಿಲ್ಲುತ್ತದೆ. ಎಣಿಕೆ ಆ ಸಾಲಿನ ಕೆಳಗಿದ್ದರೆ ಕೊನೆಯ ಎರಡು ಚುಕ್ಕೆ ಲೆಕ್ಕಕ್ಕೆ ಸಿಗದೆ ಪಾರಾಗುತ್ತದೆ.

ಇಷ್ಟು ಸರಳವಾದದ್ದಕ್ಕೆ ಕಾರಣವಿದೆ. ಮೂಲ ಎಕ್ಸ್‌ವಿ6ನಲ್ಲಿ ಸಿಮ್‌ಲಿಂಕ್ (ಬೇರೆ ಪಾಥ್‌ನತ್ತ ಬೆರಳು ತೋರುವ ಫೈಲ್) ಇಲ್ಲ, ಹೆಸರು ಬದಲಿಸುವ ಸಿಸ್ಟಮ್ ಕಾಲ್ ಇಲ್ಲ, ಡೈರೆಕ್ಟರಿಗೆ ಎರಡನೇ ಲಿಂಕ್ ಮಾಡಲು ಬಿಡುವುದಿಲ್ಲ. ಡೈರೆಕ್ಟರಿ ಇದ್ದಲ್ಲೇ ಇರುತ್ತದೆ. ಲಿನಕ್ಸ್‌ನಲ್ಲಿ ಹಾಗಲ್ಲ. ನೀವು ಮೂರು ಹೆಜ್ಜೆ ಕೆಳಗಿಳಿದು ಮೇಲೆ ಹತ್ತುವಷ್ಟರಲ್ಲಿ ಯಾರಾದರೂ ಆ ಡೈರೆಕ್ಟರಿಯನ್ನು ಎತ್ತಿ ಬೇರೆಡೆ ಇಟ್ಟಿರಬಹುದು. ಓಣಿಯಲ್ಲಿ ನಡೆಯುತ್ತಿರುವಾಗಲೇ ಊರನ್ನು ನವನಗರಕ್ಕೆ ಸಾಗಿಸಿದಂತೆ! ಅಲ್ಲಿ ಎಣಿಕೆ ನಂಬಿದರೆ ಕೆಟ್ಟಿರಿ. ಹಾಗಾಗಿ ಓಪನ್‌ಎಟ್2ರಲ್ಲಿ ಇದೇ ಗಡಿ ಕಾಯುವ ರಿಸಾಲ್ವ್_ಬಿನೀತ್ ಎರಡು ಚುಕ್ಕೆ ದಾಟಿದಾಗಲೆಲ್ಲ ನಡುವೆ ಹೆಸರು ಬದಲಾವಣೆಯೋ ಮೌಂಟೋ ಆಯಿತೇ ಎಂದು ನೋಡುತ್ತದೆ. ಗಡಿಯೊಳಗೇ ಇದ್ದೇವೆಂದು ಖಚಿತವಾಗದಿದ್ದರೆ “ಮತ್ತೆ ಪ್ರಯತ್ನಿಸು” ಎಂದು ಮರಳಿಸುತ್ತದೆ. ಸಿಮ್‌ಲಿಂಕ್ ಲ್ಯಾಬ್ ಮುಗಿಸಿದ ಎಕ್ಸ್‌ವಿ6 ನಿಮ್ಮದಾಗಿದ್ದರೆ, ಗಡಿ ಬಿಟ್ ಇದ್ದಾಗ ಸಿಮ್‌ಲಿಂಕನ್ನೇ ನಿರಾಕರಿಸಿಬಿಡಿ. ಸಿಮ್‌ಲಿಂಕ್ ಹಿಂಬಾಲಿಸಬೇಡ ಎನ್ನುವ ಲಿನಕ್ಸ್‌ನ ಓ_ನೋಫಾಲೋ ಕೊನೆಯ ಹೆಸರನ್ನು ಮಾತ್ರ ಕಾಯುತ್ತದೆ, ನಡುದಾರಿಯ ಸಿಮ್‌ಲಿಂಕ್ ಅದರ ಕಣ್ಣಿಗೆ ಬೀಳುವುದಿಲ್ಲ. ನೀವು ಆ ತಪ್ಪು ಮಾಡಬೇಡಿ.

ಸೃಷ್ಟಿಸುವ ದಾರಿಗೂ ಇದೇ ತಿದ್ದುಪಡಿ ಬೇಕು. ಕ್ರಿಯೇಟ್ ಫಂಕ್ಷನ್ ತಾಯಿ ಡೈರೆಕ್ಟರಿಯ ಲಾಕ್ ಹಿಡಿದು, ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಅದೇ ಲಾಕಿನಲ್ಲಿ ಸೃಷ್ಟಿಸುತ್ತದೆ. ಈ ಗುಣ ಕೆಡಬಾರದು. ಆದರೆ ಅದು ಇದ್ದ ಫೈಲನ್ನೂ ಹೊಸ ಫೈಲನ್ನೂ ಒಂದೇ ರೀತಿ ಕೈಗಿಡುತ್ತದೆ, ಯಾವುದೆಂದು ಹೇಳುವುದಿಲ್ಲ. “ಹೊಸದು” ಎಂದು ಬರೆಯಲು ಇನ್ನೊಂದು ಪಾಯಿಂಟರ್ ಕೊಡಿ. ಮೊದಲು ನೇಮೈ ಕರೆದು, ಇಲ್ಲವೆಂದ ಮೇಲೆ ಕ್ರಿಯೇಟ್ ಕರೆಯುವ ಆಸೆಯಾಗುತ್ತದೆ. ಬೇಡ. ಎರಡರ ನಡುವಿನ ಸಂದಿಯಲ್ಲಿ ಇನ್ನೊಂದು ಪ್ರೊಸೆಸ್ ನುಗ್ಗುತ್ತದೆ.

ಹಂತ 6: ಕ್ರಮ

ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದ ಜಾಗ ಇದೇ. ಮದುವೆಗೆ ಕರೆಯುವ ಮುನ್ನ ಹಂದರ ಹಾಕುತ್ತಾರೆ. ಹಾಗೆ, ಸೋಲಬಹುದಾದ, ಆದರೆ ಹೊರಗೆ ಗುರುತು ಬಿಡದ ಕೆಲಸಗಳೆಲ್ಲ ಮೊದಲು. ಡಿಸ್ಕಿನಲ್ಲಿ ಗುರುತು ಬಿಡುವವು ಆಮೇಲೆ. ಹೊರಗೆ ಕಾಣಿಸಿಕೊಳ್ಳುವುದು ಕೊನೆಗೆ.

ಎಫ್ = ಫೈಲ್‌ಅಲಾಕ್; ಸಿಗದಿದ್ದರೆ ಮರಳು -23
ಸ್ಥಾನ = ಪ್ರೊಸೆಸ್‌ನ ಪಟ್ಟಿಯಲ್ಲಿ ಖಾಲಿ ಜಾಗ; ಇಲ್ಲದಿದ್ದರೆ ಎಫ್ ಬಿಟ್ಟು ಮರಳು -24
ಬಿಗಿನ್_ಆಪ್ (ಡಿಸ್ಕಿನ ಟ್ರಾನ್ಸಾಕ್ಷನ್ ಶುರು)
ಐಪಿ = ಚೀಟಿಯಂತೆ ಹುಡುಕು ಅಥವಾ ಸೃಷ್ಟಿಸು; ಸೋತರೆ ಬಿಚ್ಚಿ (ಹಿಡಿದದ್ದೆಲ್ಲ ಬಿಟ್ಟು) ಮರಳು
ಇದ್ದ ಫೈಲಾಗಿದ್ದು “ಇದ್ದರೆ ತಪ್ಪು” ಎಂದಿದ್ದರೆ ಬಿಚ್ಚಿ ಮರಳು -17
ಡೈರೆಕ್ಟರಿಯಾಗಿದ್ದು ಬರೆಯುವ ಇಲ್ಲವೇ ಬರಿದು ಮಾಡುವ ಮಾತಿದ್ದರೆ ಬಿಚ್ಚಿ ಮರಳು -21
ಡಿವೈಸ್ ಆಗಿದ್ದರೆ ಮೇಜರ್ ಸಂಖ್ಯೆ ಮಿತಿಯೊಳಗಿದೆಯೇ ನೋಡು
ಸಾಮಾನ್ಯ ಫೈಲಾಗಿದ್ದು “ಬರಿದು ಮಾಡು” ಎಂದಿದ್ದರೆ ಐಟ್ರಂಕ್
ಎಫ್‌ನ ಹಕ್ಕು, ಆಫ್‌ಸೆಟ್, ಐಪಿ ತುಂಬು. ಟೈಪ್ ಕೊನೆಗೆ ತುಂಬು
ಐಅನ್‌ಲಾಕ್, ಎಂಡ್_ಆಪ್
ಪಟ್ಟಿಯ ಸ್ಥಾನದಲ್ಲಿ ಎಫ್ ಕೂರಿಸು, ಮರಳು ಸ್ಥಾನ

ಮೂಲದ ಎಫ್‌ಡಿಅಲಾಕ್ ಜಾಗ ಹುಡುಕುವುದನ್ನೂ ಫೈಲ್ ಕೂರಿಸುವುದನ್ನೂ ಒಟ್ಟಿಗೇ ಮಾಡುತ್ತದೆ, ಅದೂ ಫೈಲಿನ ಅಂಕಣಗಳನ್ನು ತುಂಬುವ ಮೊದಲೇ. ಥ್ರೆಡ್ ಇಲ್ಲದ ಕರ್ನಲ್ ಆದ್ದರಿಂದ ಬಚಾವು. ಥ್ರೆಡ್ ಇದ್ದರೆ ಪಕ್ಕದವನು ಆ ಸಂಖ್ಯೆ ಊಹಿಸಿ ಅರೆಬೆಂದ ಫೈಲಿನಿಂದ ಓದಲು ಹೋಗುತ್ತಾನೆ. ಲಿನಕ್ಸ್ ಇದನ್ನು ಎರಡು ಮಾಡಿದೆ: ಮೊದಲು ಸಂಖ್ಯೆಯನ್ನು ಕಾಯ್ದಿರಿಸುವುದು, ಎಲ್ಲ ಮುಗಿದ ಮೇಲೆ ಎಫ್‌ಡಿ_ಇನ್‌ಸ್ಟಾಲ್. ಇನ್‌ಸ್ಟಾಲ್ ಆದ ಮೇಲೆ ಸೋಲುವ ಕೆಲಸ ಒಂದೂ ಇರಬಾರದು, ಏಕೆಂದರೆ ಆಗಲೇ ಇನ್ನೊಬ್ಬರ ಕೈಗೆ ಹೋಗಿರಬಹುದಾದ ಫೈಲನ್ನು ವಾಪಸ್ ಕಿತ್ತುಕೊಳ್ಳಲು ಬರುವುದಿಲ್ಲ.

ಟೈಪ್ ಅನ್ನು ಕೊನೆಗೆ ತುಂಬು ಎಂದದ್ದಕ್ಕೆ ಬೇರೆ ಕಾರಣ. ನಡುವೆ ಸೋತರೆ ಫೈಲ್‌ಕ್ಲೋಸ್ ಕರೆದು ಎಫ್ ಬಿಡಬೇಕು. ಟೈಪ್ ಇನ್ನೂ ಎಫ್‌ಡಿ_ನನ್ ಆಗಿದ್ದರೆ ಫೈಲ್‌ಕ್ಲೋಸ್ ಎಣಿಕೆ ಇಳಿಸಿ ಸುಮ್ಮನಾಗುತ್ತದೆ. ಐನೋಡ್ ಎಂದು ತುಂಬಿದ್ದರೆ ತಾನೇ ಬಿಗಿನ್_ಆಪ್ ಕರೆದು ಐಪುಟ್ ಮಾಡುತ್ತದೆ; ನೀವು ಆಗಲೇ ಒಂದು ಟ್ರಾನ್ಸಾಕ್ಷನ್ ಒಳಗಿದ್ದರೆ ಒಂದರೊಳಗೊಂದು ಸಿಕ್ಕಿ ಲಾಗ್ ಜಾಗಕ್ಕಾಗಿ ಕಾಯುತ್ತ ಕೂರಬಹುದು. ಲಿನಕ್ಸ್‌ನಲ್ಲೂ ಬಹಳ ಕಾಲ ಅರ್ಧ ತೆರೆದ ಫೈಲನ್ನು ಬಿಡಲು ಒಂದು ಫಂಕ್ಷನ್, ಪೂರ್ತಿ ತೆರೆದದ್ದನ್ನು ಬಿಡಲು ಇನ್ನೊಂದು ಇದ್ದವು. 2018ರ 4.19ರಲ್ಲಿ ಅಲ್ ವೈರೋ ಎಫ್‌ಮೋಡ್_ಓಪನ್ಡ್ ಎಂಬ ಗುರುತನ್ನು ಫೈಲಿನ ಮೇಲೇ ಹಾಕಿಸಿದರು. ಪೂರ್ತಿ ತೆರೆದಿತ್ತೇ ಎಂದು ಫೈಲನ್ನೇ ಕೇಳಿದರಾಯಿತು, ಬಿಡುವ ದಾರಿ ಒಂದೇ. ನಮ್ಮಲ್ಲಿ ಟೈಪ್ ಆ ಗುರುತಿನ ಕೆಲಸ ಮಾಡುತ್ತದೆ.

ಹಂತ 7: ಹಳೆಯ ಬಾಗಿಲನ್ನು ಹೊಸದರ ಮೇಲೆ ಕೂರಿಸುವುದು

ಹಳೆಯ ಓಪನ್ ಅನ್ನು ಕಿತ್ತೊಗೆಯಬೇಡಿ, ಶೆಲ್‌ನಿಂದ ಹಿಡಿದು ಎಲ್ಲರೂ ಅದರ ಮೇಲೇ ನಿಂತಿದ್ದಾರೆ. ಬಂದ ಫ್ಲ್ಯಾಗ್‌ಗಳಲ್ಲಿ ಗೊತ್ತಿರುವ ಬಿಟ್ ಮಾತ್ರ ಉಳಿಸಿ, ಚೀಟಿ ತುಂಬಿ, ಹಂತ 6ರ ಒಳಭಾಗವನ್ನು ಕರೆಯಿರಿ. ತಪ್ಪು ಯಾವುದೇ ಬರಲಿ, -1 ಮಾಡಿ. ಲಿನಕ್ಸ್ ಕೂಡ ಹೀಗೇ ಮಾಡುತ್ತದೆ: ಹಳೆಯ ಓಪನ್‌ಗೆ ಬಂದ ಅಪರಿಚಿತ ಬಿಟ್‌ಗಳನ್ನು ಸೋಸಿ, ಓಪನ್‌ಎಟ್2ರ ಸ್ಟ್ರಕ್ಟ್ ತುಂಬಿ, ಒಳಗೆ ಒಂದೇ ದಾರಿಗೆ ಬಿಡುತ್ತದೆ.

ಹಂತ 4ರ ಪರೀಕ್ಷೆ ಹೊಸ ಬಾಗಿಲಲ್ಲಿ ಮಾತ್ರ ಇರಲಿ. ಹಳೆಯದರಲ್ಲಿ ಓದಲು ತೆರೆದು ಟ್ರಂಕ್ ಕೊಟ್ಟರೆ ಈಗಲೂ ಫೈಲ್ ಬರಿದಾಗಲಿ ಎಂದು ಬಿಟ್ಟೆ. ಹುಡುಗರಿಗೆ ಇದು ಒಪ್ಪಿಗೆಯಾಗಲಿಲ್ಲ, ನನಗೂ ಮನಸ್ಸಿರಲಿಲ್ಲ. ಆದರೆ ಓಡುತ್ತಿರುವ ಪ್ರೋಗ್ರಾಂ ಒಂದನ್ನು ಕರ್ನಲ್ ಬದಲಿಸಿದ ಮಾತ್ರಕ್ಕೆ ಕೆಡಿಸಬಾರದು. ಕ್ರಮದ ತಿದ್ದುಪಡಿಯಂತೂ ಹಳೆಯ ಬಾಗಿಲಿಗೂ ಪುಕ್ಕಟೆ ಸಿಕ್ಕಿತು.

ನೋಂದಣಿ ಸಣ್ಣ ಕೆಲಸ. ಸಿಸ್ಟಮ್ ಕಾಲ್ ಪಟ್ಟಿಯಲ್ಲಿ ಕ್ಲೋಸ್ 21ನೆಯದು, ನಿಮ್ಮದು 22. ಸಿಸ್‌ಕಾಲ್.ಎಚ್, ಸಿಸ್‌ಕಾಲ್.ಸಿಯ ಕೋಷ್ಟಕ, ಯೂಸಿಸ್.ಪಿಎಲ್, ಯೂಸರ್.ಎಚ್: ನಾಲ್ಕು ಕಡೆ ಸೇರಿಸಿ. ಯೂಸಿಸ್.ಪಿಎಲ್ ಮರೆತರೆ ಲಿಂಕರ್ ಬೈಯುತ್ತದೆ.

ಹಂತ 8: ಮುರಿಯಲು ನೋಡಿ

ಮೊದಲು ಯೂಸರ್‌ಟೆಸ್ಟ್ಸ್. ಆಮೇಲೆ ನಿಮ್ಮದೇ ಪರೀಕ್ಷಾ ಪ್ರೋಗ್ರಾಂ. ಹಕ್ಕಿನಲ್ಲಿ 4 ಹಾಕಿ, -22 ಬರಬೇಕು. ಓದುವ ಹಕ್ಕಷ್ಟೇ ಕೇಳಿ ಬರಿದು ಮಾಡು ಎನ್ನಿ, -22 ಬರಬೇಕು, ಫೈಲಿನ ಅಳತೆ ಬದಲಾಗಿರಬಾರದು. ಅಳತೆ 40 ಎಂದು ಕೊನೆಯ 8 ಬೈಟ್ ಸೊನ್ನೆ ಕೊಡಿ, ತೆರೆಯಬೇಕು. ಅದರಲ್ಲೊಂದು ಬೈಟ್ 1 ಮಾಡಿ, -7. ಗಡಿ ಬಿಟ್ ಹಾಕಿ, ಒಳಗಿನ ಡೈರೆಕ್ಟರಿಗೆ ಇಳಿದು ಎರಡು ಸಲ ಮೇಲೆ ಹತ್ತುವ ಪಾಥ್ ಕೊಡಿ, -18. ಒಂದೇ ಸಲ ಹತ್ತಿದರೆ ತೆರೆಯಬೇಕು. ಇಬ್ಬರು ಮಕ್ಕಳನ್ನು ಫೋರ್ಕ್ ಮಾಡಿ, ಒಂದೇ ಹೆಸರನ್ನು “ಇಲ್ಲದಿದ್ದರೆ ಸೃಷ್ಟಿಸು, ಇದ್ದರೆ ತಪ್ಪು” ಎಂದು ಇಬ್ಬರ ಕೈಲೂ ತೆರೆಸಿ. ನೂರು ಸಲ ಓಡಿಸಿದರೂ ಪ್ರತಿ ಸಲ ಒಬ್ಬನಿಗೇ ಸಿಗಬೇಕು.

ಆಮೇಲೆ ಅಂಕಣ ಸೇರಿಸುವ ತಾಲೀಮು. ಎಕ್ಸೆಕ್ ಆದಾಗ, ಅಂದರೆ ಪ್ರೊಸೆಸ್ ಬೇರೆ ಪ್ರೋಗ್ರಾಂ ಓಡಿಸಲು ಹೊರಟಾಗ, ಡಿಸ್ಕ್ರಿಪ್ಟರ್ ಮುಚ್ಚುವ ಗುರುತನ್ನು ಐದನೇ ಅಂಕಣವಾಗಿ ಸೇರಿಸಿ ಚೀಟಿಯನ್ನು 40 ಬೈಟ್ ಮಾಡಿ. ತೆರೆದ ಮೇಲೆ ಇನ್ನೊಂದು ಕರೆಯಲ್ಲಿ ಆ ಗುರುತು ಹಾಕಿದರೆ ನಡುವೆ ಬೇರೆ ಥ್ರೆಡ್ ಫೋರ್ಕ್ ಮಾಡಿ ಎಕ್ಸೆಕ್ ಆಗಿ ಡಿಸ್ಕ್ರಿಪ್ಟರ್ ಸೋರುತ್ತದೆ. ಲಿನಕ್ಸ್ 2007ರಲ್ಲಿ, 2.6.23ರಲ್ಲಿ ಓ_ಕ್ಲೋಎಕ್ಸೆಕ್ ತಂದದ್ದು ಆ ಸಂದಿ ಮುಚ್ಚಲು. 32 ಬೈಟ್ ಚೀಟಿಯ ಹಳೆಯ ಪರೀಕ್ಷಾ ಪ್ರೋಗ್ರಾಂ ಮತ್ತೆ ಕಂಪೈಲ್ ಆಗದೆ ಓಡಬೇಕು.

ಕೊನೆಗೆ 16 ಜಾಗ ತುಂಬಿಸುವ ಪರೀಕ್ಷೆ. 0, 1, 2 ಆಗಲೇ ಹೋಗಿರುತ್ತವೆ, ಉಳಿದ 13ನ್ನು ತೆರೆದು ತುಂಬಿಸಿ, ಹೊಸ ಹೆಸರೊಂದನ್ನು ಸೃಷ್ಟಿಸಲು ಹೊಸ ಬಾಗಿಲಿಂದ ಒಮ್ಮೆ, ಹಳೆಯದರಿಂದ ಒಮ್ಮೆ ಕೇಳಿ. ಇಳಕಲ್ಲಿನ ಹುಡುಗ ಓಡಿಸಿದಾಗ ಒಂದರಲ್ಲಿ -24 ಬಂತು, ಇನ್ನೊಂದರಲ್ಲಿ -1. ಎಲ್‌ಎಸ್ ಕೊಟ್ಟ, ಎರಡು ಸಲ ಮೇಲಿಂದ ಕೆಳಗೆ ಓದಿದ.

“ಹುಟ್ಟಿಲ್ರಿ ಸರ್” ಅಂದ.